ಹತ್ತೊಂಬತ್ತನೇ ಕಂತಿನವರೆಗೆ

ಜೂನ್ 2, ಸೋಮವಾರ

ಪ್ರೀತಿಯ ಅಕ್ಕ,

ನೀನು ಹೇಳಿದ ಹಾಗೆ ನಿನ್ನ ಕನ್ನಡಕದಂಗಡಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಓದಿ ಅಲ್ಲೇ ಹರಿದುಬಿಡು, ಮನೆಗೆ ಒಯ್ಯಬೇಡ. ಭಾವನಿಗೂ ಹೇಳಬೇಡ. ಭಾವ ಕೆಟ್ಟವರಲ್ಲ, ಆದರೆ ಅವರ ಹೊಟ್ಟೆಯಲ್ಲಿ ಮಾತು ಒಂದು ದಿನವೂ ನಿಲ್ಲುವುದಿಲ್ಲ. ಫೋನ್ ಮಾಡುವ ಯೋಚನೆಯನ್ನಂತೂ ಮಾಡಲೇಬೇಡ.

ಮನೆ ಬಿಟ್ಟು ಬಂದು ಎರಡು ತಿಂಗಳಾಯಿತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಗಟ್ಟಿಯಾಗಿದೆ. ದಿನಕ್ಕೆ ನಾನೂರು ಹಾಸಿಗೆ ಹೊದಿಕೆ ಮಡಚುತ್ತೇನೆ. ಬಿಸಿ ಬಟ್ಟೆಯ ಆವಿಗೆ ಮುಖವೆಲ್ಲ ಕೆಂಪು, ಆದರೆ ಅಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಮನೆ ಒಡತಿ ನಿವೃತ್ತ ನರ್ಸು. ಕೆಳಗೆ ಅವರು, ಮೇಲಿನ ಒಂದು ಕೋಣೆಯಲ್ಲಿ ನಾವಿಬ್ಬರು.

ತೊಂದರೆ ಇರುವುದು ಮಧ್ಯಾಹ್ನ. ಪಿಟೀಲು ಮೂರೂವರೆಗೆ ಶಾಲೆಯಿಂದ ಬರುತ್ತಾಳೆ, ನಾನು ಬರುವಾಗ ಐದೂವರೆ. (ಮಗಳಿಗೆ ನೀನಿಟ್ಟ ಆ ಹೆಸರೇ ಉಳಿದಿದೆ ನೋಡು, ಏಳು ವರ್ಷವಾದರೂ ಅಳು ಇನ್ನೂ ಅದೇ ಶ್ರುತಿಯಲ್ಲಿದೆ.) ಆ ಎರಡು ಗಂಟೆ ನರ್ಸಮ್ಮನೂ ಇರುವುದಿಲ್ಲ, ಕಾಯಿಲೆಯವರ ಮನೆಗಳಿಗೆ ಹೋಗುತ್ತಾರೆ. ಒಳಗಿಂದ ಚಿಲಕ ಹಾಕಿಕೋ, ಯಾರು ತಟ್ಟಿದರೂ ತೆಗೆಯಬೇಡ ಅಂತ ಕಲಿಸಿದ್ದೇನೆ. ಹೋದ ವಾರ ಮೀಟರ್ ನೋಡುವವನು ಬಂದು ತಟ್ಟಿದ್ದಾನೆ. ನಾನು ಬಂದಾಗ ಮಗು ಮಂಚದ ಕೆಳಗಿತ್ತು, ಬಟ್ಟೆ ಒದ್ದೆ. "ಅಪ್ಪ ಬಂದಿದ್ರು," ಅಂದಳು. ಅಲ್ಲಮ್ಮ ಅಂದರೆ ನಂಬಲೇ ಇಲ್ಲ.

ನರ್ಸಮ್ಮ ತಮ್ಮ ಹಳೇ ಟಿವಿಯನ್ನು ನಮಗೆ ಮೇಲೆ ಕಳಿಸಿದ್ದಾರೆ. ಶಬ್ದವಿದ್ದರೆ ಅವಳಿಗೆ ಧೈರ್ಯ. ಟಿವಿ ಅಂಗಡಿಗೆ ಹೋಗಿ ಕೇಳಿದೆ. ಎರಡು ದಾರಿ ಅಂದರು. ಒಂದು, ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡುವ ಪೆಟ್ಟಿಗೆ. ಅವಳ ಇಷ್ಟದ, ರೈಲು ಓಡಿಸುವ ಬಸವನಹುಳುವಿನ ಕಾರ್ಟೂನು ಬರುವುದು ಬೆಳಿಗ್ಗೆ ಹನ್ನೊಂದಕ್ಕೆ, ಅವಳು ಶಾಲೆಯಲ್ಲಿರುವಾಗ. ಪೆಟ್ಟಿಗೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಂಜೆ ನೋಡಬಹುದು. ಆದರೆ ಕೂರಿಸಿಕೊಡಲು ಅಂಗಡಿಯ ಕಡೆಯವನು ಮನೆಗೆ ಬರಬೇಕು, ಗ್ಯಾರಂಟಿ ಕಾರ್ಡಿನಲ್ಲಿ ಹೆಸರು ವಿಳಾಸ ಬರೆಯಬೇಕು. ಇನ್ನೊಂದು, ಇಂಟರ್ನೆಟ್ಟಿನಲ್ಲಿ ಸಿನಿಮಾ ತೋರಿಸುವ ಕಂಪನಿಗೆ ತಿಂಗಳ ಚಂದಾ. ಯಾರೂ ಮನೆಗೆ ಬರಬೇಕಿಲ್ಲ, ಆದರೆ ಅಕೌಂಟ್ ಬೇಕು, ಫೋನ್ ನಂಬರ್ ಬೇಕು.

ನನ್ನ ಗಂಡನ ಕಸುಬೇ ಇದು ಅನ್ನುವುದು ನಿನಗೆ ಗೊತ್ತು. ಹದಿನಾಲ್ಕು ವರ್ಷದಿಂದ ಊರೂರು ತಿರುಗಿ ಟಿವಿ, ಡಿಶ್ಶು ಕೂರಿಸುವವನು. ಪೆಟ್ಟಿಗೆ ಕೂರಿಸಲು ಬರುವವನು ಅವನ ಗೆಳೆಯನಾಗಿದ್ದರೆ? "ಎಲ್ಲಿದ್ರೂ ಹುಡುಕ್ತೀನಿ, ಮಗೂನ ತರ್ತೀನಿ, ನಿನ್ನ ಅಲ್ಲೇ ಬಿಟ್ಟು ಬರ್ತೀನಿ," ಅಂದಿದ್ದನಲ್ಲ. ಬಿಟ್ಟು ಬರುವುದು ಅಂದರೆ ಯಾವ ಸ್ಥಿತಿಯಲ್ಲಿ ಅನ್ನುವುದು ಅವನ ಮುಖ ನೋಡಿದ ನನಗೆ ಗೊತ್ತು. ಈಗ ಒಂದು ಬಕೆಟ್ ಕೊಳ್ಳುವಾಗಲೂ ಇದರಿಂದ ಅವನಿಗೆ ಗೊತ್ತಾಗುತ್ತದಾ ಅಂತಲೇ ಯೋಚನೆ. ಯಾವುದು ಮೇಲು ಅಂತ ನೀನೇ ಹೇಳು.

ನಿನ್ನ ತಂಗಿ


ಜೂನ್ 7, ಶನಿವಾರ

ನನ್ನ ತಂಗೀ,

ನಿನ್ನ ಕಾಗದವನ್ನು ಕಣ್ಣು ಪರೀಕ್ಷೆ ಮಾಡುವ ಕತ್ತಲೆ ಕೋಣೆಯಲ್ಲಿ ಕೂತು ಟಾರ್ಚು ಹಾಕಿ ಓದಿದೆ. ಡಾಕ್ಟರು ಬಾಗಿಲು ತೆಗೆದು, "ಏನಮ್ಮಾ, ಲವ್ ಲೆಟರಾ?" ಅಂದರು. ಹೌದು ಸಾರ್, ಈ ವಯಸ್ಸಿಗೆ ಇನ್ನೇನು ಬರುತ್ತೆ ಅಂದೆ. ಹರಿದೂ ಹಾಕಿದೆ, ಚಿಂತೆ ಬಿಡು.

ಮಗು ಮಂಚದ ಕೆಳಗೆ ಅಂತ ಓದಿ ಟಾರ್ಚು ಆರಿಸಿ ಕೂತುಬಿಟ್ಟೆ. ಅದರ ಮೇಲೆ ನೀನು ಪೆಟ್ಟಿಗೆ, ಕಾರ್ಡು, ವಿಳಾಸ ಅಂತ ತಲೆ ಕೆಡಿಸಿಕೊಂಡು ಕೂತಿದ್ದೀಯಲ್ಲೇ! ನಮ್ಮ ಮನೆಯಲ್ಲೇ ಚಂದಾ ಇದೆ. ಒಂದೇ ಅಕೌಂಟಿನಲ್ಲಿ ನಾಲ್ಕು ಮನೆ ನೋಡಬಹುದಂತೆ. ನಿನಗೆ ನಂಬರೂ ಬೇಡ, ಹೆಸರೂ ಬೇಡ. ಪಾಸ್‌ವರ್ಡನ್ನು ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ದೊಡ್ಡ ಅಕ್ಷರ, ಸಣ್ಣ ಅಕ್ಷರ ನೋಡಿಕೊಂಡು ಒತ್ತು. ನಿನ್ನ ಭಾವ ಮೂರು ಸಲ ತಪ್ಪು ಒತ್ತಿ ಟಿವಿಗೆ ಬೈಯುತ್ತಿರುತ್ತಾರೆ.

ಅಕೌಂಟು ನನ್ನದೇ. ಅದರಲ್ಲಿ ನೀನು ಹೆದರುವಂಥದ್ದು ಏನೂ ಇಲ್ಲ.

ಹೇಳಬಾರದೆಂದುಕೊಂಡಿದ್ದೆ, ಆದರೂ ಹೇಳುತ್ತೇನೆ. ಅವನು ಭಾನುವಾರ ಬಂದಿದ್ದ. ಸೊರಗಿದ್ದಾನೆ. ಗಡ್ಡ ಬಿಟ್ಟಿದ್ದಾನೆ. ನಿನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಮ್ಮ ಅಡುಗೆಮನೆಯ ಟ್ಯೂಬ್‌ಲೈಟ್ ಮಿಣುಕುತ್ತಿತ್ತು, ಸುಮ್ಮನೆ ಸ್ಟೂಲು ಎಳೆದುಕೊಂಡು ಸರಿ ಮಾಡಿ ಹೋದ. ಅವನ ಪರ ಮಾತಾಡುತ್ತಿಲ್ಲ, ಕಂಡದ್ದು ಹೇಳಿದೆ ಅಷ್ಟೇ.

ಪಿಟೀಲಿಗೆ ಎರಡು ಕೆನ್ನೆಗೂ ಮುತ್ತು. ನಿನಗೆ ತಲೆ ಮೇಲೆ ಒಂದು ಮೊಟಕು.

ಅಕ್ಕ


ಜೂನ್ 12, ಗುರುವಾರ

ಅಕ್ಕ,

ಒಂದೇ ಪ್ರಶ್ನೆ. ಆ ಅಕೌಂಟನ್ನು ಮೊದಲು ಮಾಡಿಕೊಟ್ಟವರು ಯಾರು? ಅದರ ಮೆಸೇಜು ಯಾರ ಫೋನಿಗೆ ಹೋಗುತ್ತದೆ? ನೀನು ಕೈಯಾರೆ ಮಾಡಿದ್ದಾದರೆ ಸರಿ. ನೀನು ಮಿಕ್ಸಿಯ ಸ್ವಿಚ್ಚು ಹಾಕಲೂ ಭಾವನನ್ನು ಕರೆಯುವವಳು, ಅದಕ್ಕೇ ಕೇಳಿದೆ.

ಅದು ಗೊತ್ತಾಗುವವರೆಗೂ ನಾನು ಅದನ್ನು ಮುಟ್ಟುವುದಿಲ್ಲ. ಚೀಟಿ ಹರಿದು ಹಾಕಿದೆ.

ಇಲ್ಲಿ ಬೇರೆ ದಾರಿ ಹುಡುಕುತ್ತಿದ್ದೇನೆ. ನರ್ಸಮ್ಮನಿಗೆ ಗೊತ್ತಿರುವ ಒಬ್ಬ ಕಾಯಿಲೆಯವರ ಮನೆಯಲ್ಲಿ ಹಳೇ ರೆಕಾರ್ಡಿಂಗ್ ಪೆಟ್ಟಿಗೆ ಧೂಳು ಹಿಡಿದು ಕೂತಿದೆಯಂತೆ. ಅದಾದರೆ ಕಾರ್ಡೂ ಇಲ್ಲ, ಅಂಗಡಿಯವನೂ ಇಲ್ಲ. ಆಂಟೆನಾ ಯಾರು ಕೂರಿಸುತ್ತಾರೆ ಅಂದೆ. "ನಲವತ್ತು ವರ್ಷ ಬೇರೆಯವರ ನರ ಹುಡುಕಿ ಸೂಜಿ ಚುಚ್ಚಿದ್ದೀನಿ, ಒಂದು ತಂತಿ ಸಿಗಿಸೋಕೆ ಗಂಡಸು ಬೇಕಾ?" ಅಂತ ಗದರಿದರು. ಅರವತ್ತಾರು ವರ್ಷ ಅವರಿಗೆ. ತಾರಸಿ ಏಣಿಯನ್ನು ನಾನು ಹಿಡಿದುಕೊಳ್ಳಬೇಕಂತೆ.

ಅವನು ಸೊರಗಿದ್ದಾನೆ ಅಂತ ಬರೆದೆಯಲ್ಲ. ನನ್ನ ಕೈ ಮುರಿದ ವಾರವೂ ಅವನು ಸೊರಗಿದ್ದ. ಊಟ ಬಿಟ್ಟು, ನನ್ನ ಪಕ್ಕದಲ್ಲೇ ಕೂತು ಅತ್ತಿದ್ದ. ಆಗಲೂ ನೀನು ಪಾಪ ಅಂದಿದ್ದೆ. ನೆನಪಿದೆಯಾ?

ನಿನ್ನ ತಂಗಿ


ಜೂನ್ 17, ಮಂಗಳವಾರ

ತಂಗೀ,

ನಿನ್ನ ಕಾಗದ ಓದಿ ಎರಡು ದಿನ ಕೋಪದಲ್ಲಿದ್ದೆ. ಆಮೇಲೆ ಕೋಪ ನನ್ನ ಮೇಲೇ ತಿರುಗಿತು. ಆಗ ಪಾಪ ಅಂದದ್ದು ನಿಜ. ಸ್ವಲ್ಪ ಹೊಂದಿಕೊಂಡು ಹೋಗು ಅಂದದ್ದೂ ನಿಜ. ಅದನ್ನು ಎಷ್ಟು ಸಲ ಹೇಳಿ ತೋರಿಸುತ್ತೀಯೋ ತೋರಿಸು, ಕೇಳಿಸಿಕೊಳ್ಳುತ್ತೇನೆ.

ಸುಳ್ಳು ಹೇಳುವುದಿಲ್ಲ. ಅಕೌಂಟು ಮಾಡಿಕೊಟ್ಟದ್ದು ಅವನೇ. ಎರಡು ವರ್ಷದ ಹಿಂದೆ, ನಮ್ಮ ಹೊಸ ಟಿವಿ ಕೂರಿಸಿದ ದಿನ. ಹೆಸರು ನನ್ನದು ಅಂತ ಹಾಕಿದ, ನಂಬರು ಅವನದ್ದೇ ಕೊಟ್ಟನೋ ಏನೋ ನನಗೆ ಗೊತ್ತಿಲ್ಲ. ಅವನೂ ಅದರಲ್ಲೇ ನೋಡುತ್ತಾನೆ. ನೋಡಿದರೆ ಏನಾಯಿತು? ನಾವು ನೋಡುವ ಸಿನಿಮಾ ಕಟ್ಟಿಕೊಂಡು ಅವನು ಏನು ಮಾಡುತ್ತಾನೆ ಅಂತ ನಾನಂದುಕೊಂಡದ್ದು.

ಇನ್ನೊಂದು ವಿಷಯ ಹೇಳುತ್ತೇನೆ, ಆಮೇಲೆ ಬೈ. ಟಿವಿ ಹಾಕಿದಾಗ ಮೊದಲು ಯಾರು ನೋಡುತ್ತಿರುವುದು ಅಂತ ಚಿತ್ರಗಳು ಬರುತ್ತವಲ್ಲ, ಅದರಲ್ಲಿ ಪಿಟೀಲಿನ ಚಿತ್ರ ಇನ್ನೂ ಇದೆ, ಆ ಹಳದಿ ಬಾತುಕೋಳಿ. ನೀವು ಹೋದ ಮೇಲೆ ಅದನ್ನು ನೋಡಲಾಗದೆ, ತೆಗೆದುಬಿಡು ಅಂತ ಅವನಿಗೆ ಅಂದೆ. "ಬೇಡ ಅಕ್ಕಾ, ಇರ್ಲಿ. ಹದಿನಾರನೇ ಎಪಿಸೋಡಿಗೆ ನಿಂತಿದೆ. ಮಗು ಬಂದ್ರೆ ಅಲ್ಲಿಂದ ನೋಡ್ಲಿ," ಅಂದ. ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳು ಅಂತ ನನಗನ್ನಿಸಲಿಲ್ಲ.

ನೀನು ಚೀಟಿ ಹರಿದು ಹಾಕಿದ್ದೇ ಒಳ್ಳೆಯದಾಯಿತು ಬಿಡು. ನಿನ್ನ ಮನಸ್ಸಿಗೆ ಸಮಾಧಾನ ಮುಖ್ಯ. ಆ ನರ್ಸಮ್ಮನನ್ನು ಏಣಿಯಿಂದ ಬೀಳಿಸಬೇಡ.

ಅಕ್ಕ


ಜೂನ್ 24, ಮಂಗಳವಾರ

ಅಕ್ಕ,

ನಿನ್ನ ಕಾಗದ ನಿನ್ನೆ ಬಂತು.

ತಕ್ಷಣ ಒಂದು ಕೆಲಸ ಮಾಡು. ನಿನ್ನ ಟಿವಿಯಲ್ಲಿ ಆ ಬಾತುಕೋಳಿಯನ್ನು ಒತ್ತಿ, ಬಸವನಹುಳು ಈಗ ಎಷ್ಟನೇ ಎಪಿಸೋಡಿಗೆ ನಿಂತಿದೆ ಅಂತ ನೋಡು. ಏನನ್ನೂ ಅಳಿಸಬೇಡ, ಏನನ್ನೂ ಬದಲಾಯಿಸಬೇಡ. ನೋಡಿ ಬರೆ, ಅಷ್ಟೇ. ಅವನು ಬಂದರೆ ಯಾವ ವಾರ ಬಂದ, ಏನು ಮಾತಾಡಿದ, ಎಲ್ಲ ಬರೆ. ಯಾಕೆ ಅಂತ ಈಗ ಕೇಳಬೇಡ.

ಅವನು ನೋಡಿದರೆ ಏನಾಯಿತು ಅಂದೆಯಲ್ಲ. ಒಂದು ದಿನ ನನಗೆ ತಲೆನೋವು ಅಂತ ಹೊಲಿಗೆ ಕೆಲಸದಿಂದ ಬೇಗ ಮನೆಗೆ ಬಂದೆ. ಹಾಗೇ ಇಪ್ಪತ್ತು ನಿಮಿಷ ಒಂದು ಸಿನಿಮಾ ಹಾಕಿ ಕಣ್ಣು ಮುಚ್ಚಿದ್ದೆ. ಸಂಜೆ ಬಂದವನು ಚಪ್ಪಲಿ ಬಿಡುತ್ತಲೇ, "ಹನ್ನೊಂದೂವರೆಗೆ ಮನೇಲಿದ್ಯಲ್ಲ, ಜೊತೆಗೆ ಯಾರಿದ್ರು?" ಅಂದ. ನಾನು ಅವತ್ತೇ ತಿಳಿದುಕೊಂಡೆ. ನಾನು ಟಿವಿ ನೋಡುತ್ತಿದ್ದೇನೆ ಅಂದುಕೊಂಡಿದ್ದೆ, ಟಿವಿಯೇ ನನ್ನನ್ನು ನೋಡಿ ಅವನಿಗೆ ಹೇಳುತ್ತಿತ್ತು. ಕೈ ಮುರಿದದ್ದು ಅದೇ ದಿನ. ಮೆಟ್ಟಿಲಲ್ಲಿ ಜಾರಿದೆ ಅಂತ ನಿನಗೆ ಹೇಳಿದ್ದೆ.

ಪೆಟ್ಟಿಗೆ ನಿನ್ನೆ ಸಂಜೆ ಕೂತಿತು. ನರ್ಸಮ್ಮ ತಾರಸಿಯಲ್ಲಿ ಆಂಟೆನಾ ಹಿಡಿದು, "ಬಂತಾ? ಈಗ ಬಂತಾ?" ಅಂತ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. ಪಿಟೀಲು ನಕ್ಕಳು. ಇಲ್ಲಿಗೆ ಬಂದ ಮೇಲೆ ಅವಳು ಶಬ್ದ ಮಾಡಿ ನಕ್ಕದ್ದು ಅದೇ ಮೊದಲು. ಈ ಪೆಟ್ಟಿಗೆ ಯಾರಿಗೂ ಏನೂ ಹೇಳುವುದಿಲ್ಲ. ಒಂದು ವಾರ ಮುಂಚೆ ಕೂತಿದ್ದರೆ ಎಷ್ಟು ಚೆನ್ನಾಗಿತ್ತು.

ಬೇಗ ಬರೆ.

ತಂಗಿ


ಜೂನ್ 28, ಶನಿವಾರ

ತಂಗೀ,

ಹತ್ತೊಂಬತ್ತು.

ನಿನ್ನೆ ಅಂಗಡಿಯಲ್ಲಿ ನಿನ್ನ ಕಾಗದ ಓದಿದವಳು ಮನೆಗೆ ಹೋಗಿ ಮೊದಲು ಅದನ್ನೇ ನೋಡಿದೆ. ಹತ್ತೊಂಬತ್ತನೇ ಎಪಿಸೋಡಿನಲ್ಲಿ ಮೂರು ನಿಮಿಷ ಉಳಿದಿದೆ ಅಂತ ತೋರಿಸುತ್ತಿದೆ. ಹದಿನಾರಿತ್ತು, ಹತ್ತೊಂಬತ್ತಾಗಿದೆ. ನೀನು ಚೀಟಿ ಹರಿದು ಹಾಕಿದ್ದೆಯಲ್ಲೇ! ರಿಮೋಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. 

ಈಗ ಕೇಳು. ಅವನು ಯಾವಾಗಲೂ ಭಾನುವಾರ ಬರುವವನು, ಈ ಸಲ ಮೊನ್ನೆ ಗುರುವಾರವೇ ಬಂದ. ಗಡ್ಡ ತೆಗೆದಿದ್ದ. ಹೊಸ ಶರ್ಟು. ರಿಮೋಟು ತೆಗೆದುಕೊಂಡು ಬಾತುಕೋಳಿ ಒತ್ತಿ, ನನ್ನ ಕಡೆ ತಿರುಗಿ ನಕ್ಕ. "ನೋಡಕ್ಕಾ, ನನ್ನ ಮಗಳು ಹತ್ತೊಂಬತ್ತಕ್ಕೆ ಬಂದಿದ್ದಾಳೆ," ಅಂದ. ಏನೋ ತಮಾಷೆ ಅಂದುಕೊಂಡು ನಾನೂ ನಕ್ಕೆ. ನಕ್ಕೆನಲ್ಲೇ ತಂಗೀ! ಆಮೇಲೆ ಫೋನು ತೆಗೆದು ಒಂದು ಮೆಸೇಜನ್ನು ತುಂಬ ಹೊತ್ತು ನೋಡಿದ. ಯಾವುದೋ ಊರಿನ ಹೆಸರು ಹೇಳಿ, ಅಲ್ಲಿ ದೊಡ್ಡ ಆಸ್ಪತ್ರೆ ಇದೆಯಲ್ಲವಾ ಅಂತ ನಿನ್ನ ಭಾವನನ್ನು ಕೇಳಿದ. ಅದು ನಿನ್ನ ಊರು. ನಾನು ಲಕೋಟೆ ಮೇಲೆ ಬರೆಯುವ ಹೆಸರು ಅವನ ಬಾಯಲ್ಲಿ ಬಂತು. ಒಳಗೆ ಹೋಗಿ ನಲ್ಲಿ ಬಿಟ್ಟು ನಿಂತೆ, ಮುಖ ತೋರಿಸಲಾಗಲಿಲ್ಲ.

ಮುಂದಿನ ಶುಕ್ರವಾರ ಜುಲೈ ನಾಲ್ಕರಿಂದ ನಾಲ್ಕು ದಿನ ಕೆಲಸಕ್ಕೆ ರಜೆ ಹಾಕಿದ್ದಾನಂತೆ. ಭಾವನ ದೊಡ್ಡ ಚೀಲ ಕೇಳಿದ. ಇವರು ಹುರುಪಿನಿಂದ ಧೂಳು ಕೊಡವಿ ಕೊಟ್ಟರು. ಅವನಿಗೆ ಊರು ಗೊತ್ತು, ಬೀದಿ ಗೊತ್ತಿಲ್ಲ. ನೀನು ಅಲ್ಲಿ ಕೆಲಸ ಮಾಡುವುದೂ ಗೊತ್ತಿರಲಾರದು, ಊರಿನ ಗುರುತು ಅಂತ ಆಸ್ಪತ್ರೆ ಅಂದಿರಬೇಕು. ಆದರೂ ಅಲ್ಲಿ ನಿಂತು ಮಗುವಿನ ಫೋಟೋ ತೋರಿಸಿದರೆ ಎಷ್ಟು ಹೊತ್ತು ಬೇಕು?

ಹೊರಡು. ಎಲ್ಲಿಗಾದರೂ ಹೊರಡು.

ಅಕ್ಕ


ಜುಲೈ 2, ಬುಧವಾರ

ಅಕ್ಕ,

ನಾನು ಚೀಟಿ ಹರಿದಿರಲಿಲ್ಲ. ನಿನಗೆ ಬೈದು ಬರೆದ ಕೈಯಲ್ಲೇ ಅದನ್ನು ಮಡಚಿ ಸೋಪಿನ ಡಬ್ಬಿಯಲ್ಲಿಟ್ಟಿದ್ದೆ. ಮುಂದೆಂದಾದರೂ ಬೇಕಾಗಬಹುದು ಅಂತ.

ಜೂನ್ ಇಪ್ಪತ್ತೆರಡು ಭಾನುವಾರ ಮಗುವಿಗೆ ವಿಪರೀತ ಜ್ವರ. ನರ್ಸಮ್ಮ ಕೆಳಗೆ ಅವರ ಸೋಫಾ ಮೇಲೆ ಮಲಗಿಸಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಅಪ್ಪ ಬಂದರು, ಅಪ್ಪ ಬಂದರು ಅಂತ ಕನವರಿಸುತ್ತಿದ್ದಳು. ಅವರ ಹೊಸ ಟಿವಿಯಲ್ಲಿ ಇಂಟರ್ನೆಟ್ ಇತ್ತು. ಒಂದೇ ಗಂಟೆ ಅಂದುಕೊಂಡೆ. ಅಕ್ಕನ ಅಕೌಂಟಲ್ಲವಾ ಅಂದುಕೊಂಡೆ. ಪಾಸ್‌ವರ್ಡ್ ಒತ್ತಿದ್ದೇ ತಡ, ಚಿತ್ರಗಳ ಸಾಲು ಬಂತು. ಅಷ್ಟು ಜ್ವರದಲ್ಲೂ ಎದ್ದು ಕೂತು, "ಅಮ್ಮಾ, ನನ್ನ ಬಾತುಕೋಳಿ!" ಅಂತ ಕಿರುಚಿದಳು. ಅದು ಅಲ್ಲಿ ಯಾಕಿದೆ ಅಂತ ನನಗೆ ಹೊಳೆಯಬೇಕಿತ್ತು. ಅವಳ ಮುಖ ನೋಡುತ್ತಿದ್ದೆ, ಹೊಳೆಯಲಿಲ್ಲ. ಮೂರು ಎಪಿಸೋಡು ನೋಡಿ ನಿದ್ದೆ ಹೋದಳು. ಮರುದಿನವೇ ನಿನ್ನ ಕಾಗದ ಬಂತು.

ತಕ್ಷಣ ಹೊರಡಲು ಆಗುತ್ತಿಲ್ಲ. ಬೇರೆ ಊರಿನ ಆಸ್ಪತ್ರೆಯ ಹಾಸ್ಟೆಲ್ಲಿನಲ್ಲಿ ನರ್ಸಮ್ಮನ ಶಿಷ್ಯೆ ವಾರ್ಡನ್ ಆಗಿದ್ದಾರೆ. ಅಲ್ಲಿ ಕೋಣೆ ಖಾಲಿಯಾಗುವುದು ಎಂಟನೇ ತಾರೀಖು ಮಂಗಳವಾರ. ಅಲ್ಲಿಯವರೆಗೆ ಆರು ದಿನ ದೂಡಬೇಕು, ಅದರಲ್ಲಿ ನಾಲ್ಕು ದಿನ ಅವನು ಇಲ್ಲೇ ಇರುತ್ತಾನೆ. ಕೆಲಸಕ್ಕೆ ಹೋಗುತ್ತಿಲ್ಲ, ಮಗುವನ್ನು ಶಾಲೆಗೆ ಕಳಿಸುತ್ತಿಲ್ಲ. ಕಿಟಕಿಗೆ ಆಸ್ಪತ್ರೆಯ ಹಳೇ ಹೊದಿಕೆ ಕಟ್ಟಿದ್ದೇನೆ. ಹೊರಗೆ ಬೈಕು ನಿಂತರೆ ಇಬ್ಬರೂ ಉಸಿರು ಬಿಗಿ ಹಿಡಿದು ಕೂರುತ್ತೇವೆ, ಮತ್ತೆ ಹೊರಟ ಸದ್ದು ಕೇಳುವವರೆಗೆ. ಟಿವಿ ಶಬ್ದವಿಲ್ಲದೆ ಓಡುತ್ತದೆ. ಶಬ್ದ ಬೇಡ ಅಂತ ಪಿಟೀಲೇ ಹೇಳಿದಳು. ಅಕ್ಕ, ಅವಳಿಗೆ ಏಳು ವರ್ಷ.

ನೀನು ಮಾತ್ರ ಏನೂ ಮಾಡಬೇಡ. ಆ ಟಿವಿ ಮುಟ್ಟಬೇಡ, ಆ ಬಾತುಕೋಳಿ ಮುಟ್ಟಬೇಡ, ಅವನ ಹತ್ತಿರ ಮಾತಿಗೆ ನಿಲ್ಲಬೇಡ. ನಿನ್ನ ಮುಖ ನೋಡಿದರೆ ಒಳಗಿರುವುದೆಲ್ಲ ಅವನು ಓದುತ್ತಾನೆ.

ತಂಗಿ


ಜುಲೈ 3, ಗುರುವಾರ

ತಂಗೀ,

ನಿನ್ನ ಉತ್ತರಕ್ಕೆ ಕಾಯಲಿಲ್ಲ. ಕಾಯುವಷ್ಟು ಹೊತ್ತಿರಲಿಲ್ಲ.

ಕಣ್ಣು ತಪಾಸಣೆಯ ಶಿಬಿರ ಅಂತ ನಿನ್ನ ಭಾವನಿಗೆ ಹೇಳಿ ಬಂದಿದ್ದೇನೆ. ಹೋದ ವರ್ಷ ನಿಜವಾಗಿಯೂ ಶಿಬಿರ ಮಾಡಿದ್ದ ಊರು ಇದು. ನಮ್ಮೂರಿನಿಂದ ನೀನಿರುವುದು ಒಂದು ದಿಕ್ಕು, ಇದು ಅದಕ್ಕೆ ಪೂರಾ ಎದುರು ದಿಕ್ಕು. ರೈಲು ಎಂಟು ಗಂಟೆ, ಬಸ್ಸು ಎರಡು ಗಂಟೆ. ಸಣ್ಣ ಊರು, ಬಸ್ ನಿಲ್ದಾಣದ ಎದುರು ಒಂದೇ ಲಾಡ್ಜು. ಮೊದಲನೇ ಮಹಡಿಯಲ್ಲಿ ಬೀದಿ ಕಾಣುವ ಕೋಣೆ ಹಿಡಿದಿದ್ದೇನೆ.

ಮಧ್ಯಾಹ್ನ ಹನ್ನೆರಡಕ್ಕೆ ಅಂಗಡಿಯ ಹಳೇ ಫೋನಿನಲ್ಲಿ, ಅವನು ಕಂಡಿಲ್ಲದ ಫೋನು ಇದು, ನಮ್ಮ ಪಾಸ್‌ವರ್ಡ್ ಒತ್ತಿ ಬಾತುಕೋಳಿಯೊಳಗೆ ಹೋದೆ. ಉಳಿದ ಮೂರು ನಿಮಿಷ ಮುಗಿಸಿ, ಇಪ್ಪತ್ತನೇ ಎಪಿಸೋಡು ಹಾಕಿದೆ. ನೀನು ಹಾಕಿದಾಗ ಅವನಿಗೆ ನಿನ್ನ ಊರಿನ ಹೆಸರು ಹೋಯಿತಲ್ಲ, ಈಗ ಈ ಊರಿನ ಹೆಸರು ಹೋಗಿರಬೇಕು. ನೀವು ಜಾಗ ಬದಲಾಯಿಸಿದಿರಿ ಅಂದುಕೊಳ್ಳಲಿ. ನಾಳೆ ರೈಲು ಹತ್ತುವ ಮುಂಚೆ ಅಂದುಕೊಳ್ಳಲಿ.

ಮಿಕ್ಸಿಯ ಸ್ವಿಚ್ಚು ಹಾಕಲು ಭಾವನನ್ನು ಕರೆಯುವವಳು ಅಂದಿದ್ದೆಯಲ್ಲ. ಮೂರು ಸಲ ತಪ್ಪು ಒತ್ತಿದೆ, ನಾಲ್ಕನೆಯದು ಸರಿಯಾಯಿತು.

ಜುಲೈ 5, ಶನಿವಾರ

ನಿನ್ನೆ ಇಡೀ ದಿನ ಬಸವನಹುಳು ನೋಡಿದೆ. ಗುಡಿಸಲು ಬರುವ ಹೆಂಗಸು, "ಏನಮ್ಮಾ, ಮೊಮ್ಮಕ್ಕಳ ಬೊಂಬೆ ಆಟ ನೀವು ನೋಡ್ತಾ ಕೂತಿದ್ದೀರಾ?" ಅಂತ ನಕ್ಕಳು. ನಾನೂ ನಕ್ಕೆ.  ಅವನು ನಿನ್ನ ಕಡೆಗೇ ಹೋಗಿದ್ದರೆ ಅನ್ನುವುದೊಂದೇ ತಲೆಯಲ್ಲಿ. ಪ್ರತಿ ಬಸ್ಸಿಗೂ ಕಿಟಕಿಗೆ ಓಡುತ್ತೇನೆ. ಯಾವನು ಬಂದರೆ ಸತ್ತೆ ಅಂತ ಹೆದರಬೇಕೋ ಅವನೇ ಬರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ.

ಬಂದ. ಹತ್ತೂಕಾಲಿನ ಬಸ್ಸಿಗೆ. ಭಾವನ ಚೀಲ ಹೆಗಲ ಮೇಲಿದೆ. ಈಗ ಎದುರಿನ ದರ್ಜಿ ಅಂಗಡಿಯಲ್ಲಿ ಫೋಟೋ ತೋರಿಸುತ್ತಿದ್ದಾನೆ. ದರ್ಜಿ ತಲೆಯಾಡಿಸಿದ. ಪಕ್ಕದ ಔಷಧಿ ಅಂಗಡಿಗೆ ಹೋದ. ಎಷ್ಟು ಮರ್ಯಾದೆಯಿಂದ ಮಾತಾಡುತ್ತಾನೆ ನೋಡು, ಎಲ್ಲರೂ ಪಾಪ ಅನ್ನುವ ಮುಖ ಮಾಡುತ್ತಿದ್ದಾರೆ. ನಾನು ಎಂಟು ವರ್ಷ ಮಾಡಿದ ಮುಖ ಅದೇ.

ಇನ್ನು ಲಾಡ್ಜಿಗೇ ಬರುತ್ತಾನೆ. ಹೆಂಗಸು ಮಗು ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಆದರೆ ದಿನವಿಡೀ ಬೊಂಬೆ ಆಟ ನೋಡುವ ಒಬ್ಬಳು ಇದ್ದಾಳೆ ಅಂತ ಗುಡಿಸುವವಳು ಹೇಳಿಯೇ ಹೇಳುತ್ತಾಳೆ. ಅದಕ್ಕೆ ಮುಂಚೆ ನಾನೇ ಕೆಳಗೆ ಹೋಗುತ್ತೇನೆ. ಬೆಳಿಗ್ಗೆಯವರೆಗೂ ಇಲ್ಲೇ ಇದ್ದರು, ನನ್ನ ಮೇಲೂ ಮುನಿಸಿಕೊಂಡು ಹೊರಟರು ಅನ್ನುತ್ತೇನೆ. ನನ್ನ ಮುಂದೆ ನಿಂತಿರುವಷ್ಟು ಹೊತ್ತು ಅವನು ನಿನ್ನ ಬಾಗಿಲಲ್ಲಿ ಇರುವುದಿಲ್ಲ.

ಅವಸರದಲ್ಲಿ ಅಕ್ಷರ ಕೆಟ್ಟಿದೆ. ಕಾಗದ ಅಂಚೆಗೆ ಹಾಕಲು ಗುಡಿಸುವವಳ ಕೈಯಲ್ಲಿ ಕೊಡುತ್ತೇನೆ. ಈ ಸಲ ನಿಜವಾಗಿಯೂ ಹೊರಡು.

ಅಕ್ಕ


ಜುಲೈ 14, ಸೋಮವಾರ

ಅಕ್ಕ,

ನಾವು ಸುರಕ್ಷಿತವಾಗಿದ್ದೇವೆ. ಎಂಟರಂದು ಹೊರಟೆವು. ನಿನ್ನ ಲಾಡ್ಜಿನ ಕಾಗದ ನಾವು ಹೊರಟ ಮೇಲೆ ಬಂದು, ನರ್ಸಮ್ಮನ ಕೈ ಸೇರಿ, ಇಲ್ಲಿಗೆ ಬರುವಾಗ ಹನ್ನೊಂದನೇ ತಾರೀಖಾಗಿತ್ತು. ಕೆಳಗೆ ಹೋಗುತ್ತೇನೆ ಅಂತ ಬರೆದದ್ದೇ ಕೊನೆ. ಆಮೇಲೆ ಏನಾಯಿತು?

ಹನ್ನೊಂದಕ್ಕೊಂದು ಬರೆದೆ, ಹನ್ನೆರಡಕ್ಕೊಂದು ಬರೆದೆ. ಇದು ಮೂರನೆಯದು. ನರ್ಸಮ್ಮನ ಮೂಲಕವೇ ಅಂಗಡಿಗೆ ಹೋಗುತ್ತಿವೆ. ಅಂಗಡಿಗೆ ಫೋನ್ ಮಾಡೋಣ ಅಂತ ಎರಡು ಸಲ ಬೂತಿನವರೆಗೆ ಹೋದೆ. ಅವನು ಎತ್ತಿಕೊಂಡರೆ ಅಂತ ಹೆದರಿ ವಾಪಸು ಬಂದೆ. ಅಂಗಡಿಯ ಫೋನನ್ನು ಅವನು ಯಾಕೆ ಎತ್ತುತ್ತಾನೆ ಅಂತ ನನಗೂ ಗೊತ್ತು, ಆದರೂ ಕೈ ಮುಂದೆ ಹೋಗಲಿಲ್ಲ.

ನಾನು ನಿನ್ನನ್ನು ಎಷ್ಟು ಬೈದೆ ಅಕ್ಕ. ಅವನಿಗೆ ಎದುರು ಹೋಗಿ ನಿಲ್ಲುವ ಧೈರ್ಯ ಎಂಟು ವರ್ಷದಲ್ಲಿ ನನಗೆ ಒಂದು ದಿನವೂ ಬರಲಿಲ್ಲ. ದೊಡ್ಡ ಕಾಗದ ಬೇಡ. ಬರೀ ತಾರೀಖು ಬರೆದು ಕಳಿಸು, ನಿನ್ನ ಅಕ್ಷರ ನೋಡಿದರೆ ಸಾಕು.

ತಂಗಿ


ಜುಲೈ 19, ಶನಿವಾರ

ತಂಗೀ,

ಬರೀ ತಾರೀಖು ಕಳಿಸಲು ನಾನೇನು ಕ್ಯಾಲೆಂಡರಾ? ಅಕ್ಷರ ನೋಡಿ ಇದು ಯಾರದ್ದೋ ಅಂತ ಗಾಬರಿಯಾಗಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಈ ನಾಲ್ಕು ಸಾಲಿಗೇ ಅರ್ಧ ಗಂಟೆ ಹಿಡಿಯಿತು. ಬಲ ಮುಂಗೈಗೆ ಕಟ್ಟು ಹಾಕಿದ್ದಾರೆ. ಜುಲೈ ಎರಡರದ್ದೂ ಸೇರಿ ನಿನ್ನ ನಾಲ್ಕೂ ಕಾಗದ ಒಟ್ಟಿಗೇ ಕೈಗೆ ಬಂದವು, ನಾನು ಅಂಗಡಿಗೆ ಹೋದದ್ದೇ ನಿನ್ನೆ.

ಅವತ್ತು ಕೆಳಗೆ ಹೋದೆ. "ಅಯ್ಯೋ, ಅಕ್ಕಾ! ನೀವಿಲ್ಲಿ?" ಅಂತ ನಕ್ಕ. ಅಂದುಕೊಂಡ ಹಾಗೇ ಹೇಳಿದೆ, ಬೆಳಿಗ್ಗೆ ಹೊರಟರು ಅಂತ. ನಂಬಿದ. ಯಾವ ಬಸ್ಸು ಅಂದ. ಅದೊಂದನ್ನು ನಾನು ಯೋಚಿಸಿರಲಿಲ್ಲ. ತೊದಲಿದೆ. ನನ್ನ ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ತೆಗೆದುಕೊಂಡು ನೋಡಿದ, ಬಸವನಹುಳು ಅರ್ಧಕ್ಕೆ ನಿಂತಿತ್ತು. ಅವನಿಗೆ ಗೊತ್ತಾಗಿಹೋಯಿತು. ಸಿಟ್ಟಿನಿಂದ ಕೂಗುತ್ತಾನೆ ಅಂದುಕೊಂಡೆ, ಕೂಗಲಿಲ್ಲ. ಅದೇ ನಗುಮುಖದಲ್ಲಿ ನನ್ನ ಮುಂಗೈ ಹಿಡಿದು ತಿರುಚುತ್ತಾ ಹೋದ. "ಎಲ್ಲಿದ್ದಾಳೆ ಹೇಳಿಬಿಡಿ ಅಕ್ಕಾ. ನೀವು ಒಳ್ಳೆಯವರು," ಅಂತ ಮೆಲ್ಲಗೆ, ಎಷ್ಟು ಮೆಲ್ಲಗೆ ಅಂದರೆ ಪಕ್ಕದವರಿಗೆ ಕುಶಲ ವಿಚಾರಿಸಿದ ಹಾಗೆ ಕೇಳಿಸುವಂತಿತ್ತು. ಮೂಳೆ ಲಟಕ್ ಅಂದದ್ದು ಕೇಳಿ ಗುಡಿಸುವವಳು ಕಿರುಚಿಕೊಂಡಳು. ಆಮೇಲೆ ಮ್ಯಾನೇಜರು, ದರ್ಜಿ, ಬಸ್ಸಿಗೆ ಕಾಯುತ್ತಿದ್ದವರು ಎಲ್ಲ ಸೇರಿ ಅವನನ್ನು ಹಿಡಿದರು.

ಪೊಲೀಸರ ಹತ್ತಿರ ಹನ್ನೊಂದು ಜನ ಸಾಕ್ಷಿ ಹೇಳಿದ್ದಾರೆ. ನಿನಗೆ ಒಬ್ಬರೂ ಇರಲಿಲ್ಲ. ಈಗ ಒಳಗಿದ್ದಾನೆ. ವಕೀಲರು ಓಡಾಡುತ್ತಿದ್ದಾರೆ, ಇವತ್ತಲ್ಲ ನಾಳೆ ಹೊರಗೆ ಬಂದೇ ಬರುತ್ತಾನೆ.  ನಿನ್ನ ಭಾವ ನನ್ನ ಕೈ ನೋಡಿ, "ನನ್ನ ಚೀಲ ನಾನೇ ಕೊಟ್ಟೆನಲ್ಲೇ," ಅಂತ ಅತ್ತರು.

ಈಗ ನಾನು ಹೇಳಬೇಕಾದದ್ದು ಕೇಳು. ಅವನು ತಿರುಚಿದ್ದು ಒಂದು ನಿಮಿಷವೂ ಇರಲಿಲ್ಲ. ಆ ಒಂದು ನಿಮಿಷದಲ್ಲಿ ನಿನ್ನ ಹಳೇ ವಿಳಾಸ ನನ್ನ ನಾಲಗೆ ತುದಿಗೆ ಬಂದಿತ್ತು. ಬೀದಿಯ ಹೆಸರು, ಮನೆ ನಂಬರು, ಎಲ್ಲ. ಬೀದಿಯ ಮೊದಲನೇ ಅಕ್ಷರ ಬಾಯಿಂದ ಹೊರಗೂ ಬಿದ್ದಿತ್ತು, ಅಷ್ಟರಲ್ಲಿ ಗುಡಿಸುವವಳು ಕಿರುಚಿದಳು. ಇನ್ನೊಂದು ಉಸಿರಿನಷ್ಟು ಹೊತ್ತಾಗಿದ್ದರೆ ಹೇಳಿಬಿಡುತ್ತಿದ್ದೆ ತಂಗೀ. ಬಾಯಿ ಬಿಡದೆ ಗಟ್ಟಿಯಾಗಿ ನಿಂತೆ ಅಂತ ನಿನಗೆ ಬರೆಯಬಹುದಿತ್ತು, ಆದರೆ ನಾವಿಬ್ಬರೂ ಒಬ್ಬರಿಗೊಬ್ಬರು ಸುಳ್ಳು ಬರೆದೇ ಇಲ್ಲಿಗೆ ಬಂದದ್ದು.

ನೀನೀಗ ಎಲ್ಲಿದ್ದೀಯ ಅಂತ ನನಗೆ ಗೊತ್ತಿಲ್ಲ. ನರ್ಸಮ್ಮ ಈ ಕಾಗದವನ್ನು ತಲುಪಿಸುತ್ತಾರೆ. ಹೊಸ ವಿಳಾಸ ನನಗೆ ಬರೆಯಬೇಡ. ನಾನು ಅತ್ತು ಕರೆದು ಕೇಳಿದರೂ ಬರೆಯಬೇಡ.

ಅಕ್ಕ